ಮೂವತ್ತಮೂರನೇ ಬೈಟು

ಮಾರತ್ತಹಳ್ಳಿಯಲ್ಲಿ ಬಾಡಿಗೆ ಮನೆ ನೋಡುವವರು ಹಿಂದೆ ಎರಡು ಪ್ರಶ್ನೆ ಕೇಳುತ್ತಿದ್ದರು. ನೀರು ಕಾವೇರಿಯದೋ ಬೋರಿನದೋ? ಅಡ್ವಾನ್ಸ್ ಎಷ್ಟು? ಈಗ ಮೂರನೆಯದೊಂದು ಸೇರಿದೆ: ನೆಟ್ ಯಾವುದು ಬರುತ್ತೆ? ಮೊದಲೆರಡಕ್ಕೆ ಗಂಟಲು ಸರಿಮಾಡಿಕೊಂಡು ಉತ್ತರ ಹೇಳುವ ಓನರುಗಳು ಮೂರನೆಯದಕ್ಕೆ ಬಹಳ ಉದಾರಿಗಳಾಗುತ್ತಾರೆ. “ಎಲ್ಲಾ ಬರುತ್ತೆ ಸಾರ್, ಯಾವುದು ಬೇಕಾದ್ರೂ ಹಾಕಿಸ್ಕೊಳ್ಳಿ” ಎಂದು ಕೈಯೆತ್ತಿ ಆಕಾಶ ತೋರಿಸುತ್ತಾರೆ. ಕತ್ತೆತ್ತಿ ನೋಡಿದರೆ ಮಾತು ಸುಳ್ಳಲ್ಲ. ಲೈಟು ಕಂಬದಿಂದ ಹೊಂಗೆ ಮರಕ್ಕೆ, ಹೊಂಗೆ ಮರದಿಂದ ಎದುರು ಪಿಜಿಯ ಬಾಲ್ಕನಿಗೆ, ಅಲ್ಲಿಂದ ನಮ್ಮ ತಲೆಯ ಮೇಲಿನ ಸಜ್ಜಕ್ಕೆ ಕಪ್ಪು ಕೇಬಲ್ಲುಗಳು ಜೋತುಬಿದ್ದಿರುತ್ತವೆ. ಅವುಗಳಲ್ಲಿ ಯಾವುದಕ್ಕೆ ಜೀವ ಇದೆ, ಯಾವುದು ಹಿಂದಿನ ಬಾಡಿಗೆಯವರ ಕಾಲದಲ್ಲೇ ಸತ್ತಿದೆ ಎಂಬುದು ಕೇಬಲ್ ಹುಡುಗನಿಗೂ ಗೊತ್ತಿರುವುದಿಲ್ಲ. ಒಂದನ್ನು ಕಿತ್ತು ನೋಡುತ್ತಾನೆ. ಸ್ವಲ್ಪ ಹೊತ್ತು ಯಾವ ಮನೆಯಿಂದಲೂ ಫೋನ್ ಬರಲಿಲ್ಲವೆಂದರೆ ಅದು ಸತ್ತದ್ದು ಎಂದು ತೀರ್ಮಾನ.

ಹೀಗೆ ಬೀದಿ ದಾಟಿ ಬಂದ ಇಂಟರ್ನೆಟ್ಟು ನಮ್ಮ ಹಾಲಿನ ಕಿಟಕಿಯ ಮೂಲೆಯಲ್ಲಿ ಒಳಗೆ ತೂರಿ, ಟೀವಿ ಸ್ಟ್ಯಾಂಡಿನ ಪಕ್ಕ ಕೂತಿದೆ. ಅದು ಕೂರಬೇಕಾದ ಜಾಗ ಅದಲ್ಲ. ಆದರೆ ಕೇಬಲ್ ಹುಡುಗನ ಬಳಿ ಅವತ್ತು ಉಳಿದಿದ್ದ ವೈರು ಅಲ್ಲಿಗೇ ಮುಗಿದಿತ್ತು. ಮನೆಯಾದರೋ ಉದ್ದಕ್ಕೆ ಒಂದರ ಹಿಂದೆ ಒಂದು ಕೋಣೆ. ಹಾಲು, ಅಡುಗೆಮನೆ, ದೇವರ ಗೂಡು, ಮಧ್ಯದ ಕೋಣೆ, ಕೊನೆಗೆ ನನ್ನ ಹೆಂಡತಿ ಮನೆಯಿಂದಲೇ ಆಫೀಸು ಮಾಡುವ ಹಿಂದಿನ ಕೋಣೆ. ಸಮುದ್ರದ ತಳದಲ್ಲಿ ಸಾವಿರಾರು ಮೈಲಿ ಹಾಯ್ದು, ಔಟರ್ ರಿಂಗ್ ರೋಡಿನ ಮೆಟ್ರೋ ಅಗೆತಗಳಿಂದಲೂ ತಪ್ಪಿಸಿಕೊಂಡು ಬಂದ ಮಾತುಗಳು ಈ ಹಾಲಿನಿಂದ ಆ ಕೋಣೆಗೆ ಹೋಗುವಷ್ಟರಲ್ಲಿ ಸುಸ್ತಾಗಿಬಿಡುತ್ತವೆ.

“ರೀ, ಮತ್ತೆ ಸುತ್ತುತ್ತಾ ಇದೆ.”

ಕಾಯಿಲೆಯ ವಿವರಣೆ ಇಷ್ಟೇ. ಎಲ್ಲಿ, ಯಾವಾಗಿನಿಂದ, ಏನು ಮಾಡುವಾಗ ಎಂದು ಕೇಳುವಂತಿಲ್ಲ. ಸುತ್ತುತ್ತಾ ಇದೆ. ಮಗನ ಭಾಷೆಯಲ್ಲಿ ಅದು “ಲ್ಯಾಗು”. ಅಮ್ಮನ ಭಾಷೆಯಲ್ಲಿ “ಸೀರಿಯಲ್ಲು ಬಾಯಿ ತೆಗೆದುಕೊಂಡೇ ನಿಂತಿದೆ ಕಣೋ.” ಮೂರೂ ಒಂದೇ ಕಾಯಿಲೆಯಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳುವುದರಲ್ಲೇ ನನ್ನ ಬಹುಪಾಲು ಭಾನುವಾರಗಳು ಕಳೆದಿವೆ.

ಫೋನಿನಲ್ಲಿ ವೈಫೈ ಹೆಸರುಗಳ ಪಟ್ಟಿ ತೆಗೆದು ನೋಡಿ. ಮಾರತ್ತಹಳ್ಳಿಯ ಜನಗಣತಿಗೆ ಬೇರೆ ಮನೆಮನೆ ಸಮೀಕ್ಷೆ ಬೇಡ. ಮನೆಯ ಹೆಸರಿಟ್ಟವರು, ಮಗುವಿನ ಹೆಸರಿಟ್ಟವರು, ತಿರುಪತಿ ತಿಮ್ಮಪ್ಪನನ್ನೂ ಅಯ್ಯಪ್ಪನನ್ನೂ ಗಾಳಿಯಲ್ಲಿ ಪ್ರತಿಷ್ಠಾಪಿಸಿದವರು, ಪಾಸ್‌ವರ್ಡ್ ಕೇಳಬೇಡಿ ಎಂಬುದನ್ನೇ ಹೆಸರು ಮಾಡಿದವರು, ಪಿಜಿಯ ಮೊದಲ ಮಹಡಿ, ಎರಡನೇ ಮಹಡಿ, ಮೂರನೇ ಮಹಡಿ, ಮಂಜೂರಾತಿ ನಕ್ಷೆಯಲ್ಲಿ ಇಲ್ಲದಿದ್ದರೂ ಗಾಳಿಯಲ್ಲಿ ಸ್ಪಷ್ಟವಾಗಿ ಕಾಣುವ ಐದನೇ ಮಹಡಿ. ಕೆಲವರು ಕಂಪನಿಯವರು ಕೊಟ್ಟ ಅಂಕಿಗಳನ್ನೇ ಉಳಿಸಿಕೊಂಡಿರುತ್ತಾರೆ. ಅವರ ಮನೆಯ ಪಾಸ್‌ವರ್ಡೂ ಬದಲಾಗಿರುವುದಿಲ್ಲ ಎಂದು ನನ್ನ ಊಹೆ. ಪರೀಕ್ಷಿಸಿ ನೋಡಿಲ್ಲ.

ಇಷ್ಟೂ ಜನ ತುಂಬಿಕೊಂಡಿರುವುದು 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಒಂದು ಸಣ್ಣ ಪಟ್ಟಿಯಲ್ಲಿ. ಭಾರತ ಸರ್ಕಾರ 2005ರ ಜನವರಿಯಲ್ಲಿ ಇದಕ್ಕೆ ಲೈಸೆನ್ಸ್ ಬೇಡವೆಂದು ಅಧಿಸೂಚನೆ ಹೊರಡಿಸಿತು. ಚದರಡಿ ಲೆಕ್ಕದಲ್ಲಿ ಪಾರ್ಕಿಂಗಿಗೂ ದುಡ್ಡು ವಸೂಲಿ ಮಾಡುವ ಈ ಊರಿನಲ್ಲಿ ಪುಕ್ಕಟೆ ಸಿಗುವುದು ಇದೊಂದೇ ಇರಬೇಕು. ಪುಕ್ಕಟೆ ಎಂದ ಮೇಲೆ ನೂಕುನುಗ್ಗಲೂ ಸಹಜ. ಆ ಪಟ್ಟಿಯಲ್ಲಿ 13 ಚಾನೆಲ್ ಎಂದು ಬರೆದಿದ್ದರೂ ಅವು ಒಂದರ ಮೇಲೊಂದು ಹಾಸಿಕೊಂಡಿವೆ. ಒಂದಕ್ಕೊಂದು ತಾಗದಂತೆ ಕೂರಲು ಆಗುವುದು ಮೂರಕ್ಕೆ ಮಾತ್ರ: 1, 6, 11.

ಇಲ್ಲಿ ಒಂದು ಸ್ವಾರಸ್ಯ ಇದೆ. ವೈಫೈ ಸ್ವಭಾವತಃ ಬಹಳ ಸಭ್ಯ ಜೀವಿ. ಮಾತಾಡುವ ಮುಂಚೆ ಕಿವಿಗೊಟ್ಟು ಕೇಳುತ್ತದೆ. ಬೇರೆ ಯಾರಾದರೂ ಮಾತಾಡುತ್ತಿದ್ದರೆ ಸುಮ್ಮನಿದ್ದು, ಇಂತಿಷ್ಟು ಹೊತ್ತು ಎಂದು ಲಾಟರಿ ಎತ್ತಿ ಕಾದು, ಆಮೇಲೆ ಬಾಯಿ ತೆರೆಯುತ್ತದೆ. ರಾತ್ರಿ ಒಂಬತ್ತರ ಟೀವಿ ಚರ್ಚೆಯವರಿಗೆ ಈ ನಿಯಮವನ್ನು ಕಡ್ಡಾಯ ಮಾಡಬಹುದಿತ್ತು. ಹೀಗಾಗಿ ಆರನೇ ಚಾನೆಲ್ಲಿನಲ್ಲಿ ಹತ್ತು ಮನೆಯವರು ಕೂತಿದ್ದರೂ ಸರದಿಯಂತೆ ಹೇಗೋ ನಡೆದುಹೋಗುತ್ತದೆ. ಕೆಡಿಸುವವನು ಬುದ್ಧಿವಂತ. 1ರಲ್ಲೂ ಜನ, 6ರಲ್ಲೂ ಜನ, ನಾನು ನಡುವೆ ಖಾಲಿ ಇರುವ 3ರಲ್ಲಿ ಕೂರುತ್ತೇನೆ ಎಂದು ಹೋಗುವವನು. ಅವನ ಮಾತು ಎರಡೂ ಕಡೆಯವರಿಗೆ ಮಾತಾಗಿ ಕೇಳಿಸುವುದಿಲ್ಲ, ಬರೀ ಗದ್ದಲವಾಗಿ ಕೇಳಿಸುತ್ತದೆ. ಅವರ ಮಾತು ಅವನಿಗೂ ಅಷ್ಟೆ. ಎದುರು ಪಿಜಿಯ ಎರಡನೇ ಮಹಡಿಯ ವೈಫೈ ಪೆಟ್ಟಿಗೆ 3ರಲ್ಲಿತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟೊಂದು ಹೆಸರುಗಳ ನಡುವೆ ಕನ್ನಡದಲ್ಲಿ ಬರೆದ ಒಂದೂ ಇಲ್ಲವಲ್ಲ ಎಂದು ನನಗೊಮ್ಮೆ ಅಭಿಮಾನ ಉಕ್ಕಿತು. ನವೆಂಬರ್ ತಿಂಗಳು ಬೇರೆ. ನಮ್ಮ ವೈಫೈಗೆ ಕನ್ನಡ ಲಿಪಿಯಲ್ಲೇ “ಮಾರತ್ತಹಳ್ಳಿ” ಎಂದು ಹೆಸರಿಡಲು ಕೂತೆ. ಪೆಟ್ಟಿಗೆ ಒಪ್ಪಲಿಲ್ಲ. ಮತ್ತೆ ಬರೆದರೂ ಕೆಂಪು ಗೆರೆ. ಕಾರಣ ಹುಡುಕಿದರೆ ಕನ್ನಡದ್ವೇಷದ ಸುಳಿವೇನೂ ಸಿಗಲಿಲ್ಲ, ಸಿಕ್ಕಿದ್ದು ಬರೀ ಲೆಕ್ಕ. ವೈಫೈ ಹೆಸರಿಗೆ ಹೆಚ್ಚೆಂದರೆ 32 ಬೈಟು ಜಾಗ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡಿನ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು. ಚಿಹ್ನೆ ಎಂದರೆ ಅಕ್ಷರವೂ ಹೌದು, ಗುಣಿತದ ಇಳಿಯೂ ಹೌದು, ಒತ್ತಿನ ಹಿಂದೆ ಅಡಗಿ ಕೂತ ಅರ್ಧಾಕ್ಷರದ ಗುರುತೂ ಹೌದು. ಬೆರಳು ಮಡಿಸಿ ಎಣಿಸಿ: ಮ, ದೀರ್ಘ, ರ, ತ, ಅರ್ಧದ ಗುರುತು, ತ, ಹ, ಳ, ಅರ್ಧದ ಗುರುತು, ಳ, ಗುಡಿಸು. ಹನ್ನೊಂದು. ಹನ್ನೊಂದು ಮೂರಲ ಮೂವತ್ತಮೂರು.

ಒಂದು ಬೈಟು ಜಾಸ್ತಿ. ಊರಿನ ಹೆಸರು ಒಂದೇ ಒಂದು ಬೈಟಿನಲ್ಲಿ ಗಾಳಿಗೇರುವ ಯೋಗ ತಪ್ಪಿಸಿಕೊಂಡಿತು. ಬಸ್ ಬೋರ್ಡುಗಳಲ್ಲಿ ಕಾಣುವಂತೆ “ಮಾರತ್‌ಹಳ್ಳಿ” ಎಂದು ತಕಾರವನ್ನು ಬಿಡಿಸಿ ಬರೆದರೆ ಉಳಿತಾಯವಾದೀತೆಂದು ನೋಡಿದೆ. ಅದನ್ನು ಬಿಡಿಸಿ ನಿಲ್ಲಿಸಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು, ಅದಕ್ಕೂ ಮೂರು ಬೈಟು, ಮತ್ತೆ ಮೂವತ್ತಮೂರು. ಆ ಕಾಣದ ಚಿಹ್ನೆಯನ್ನು ತೆಗೆದರೆ ಮೂವತ್ತಕ್ಕೆ ಇಳಿಯುತ್ತದೆ, ಆದರೆ ತಕಾರಕ್ಕೆ ಹಕಾರ ಒತ್ತಾಗಿ ನೇತಾಡುತ್ತದೆ. ಅಮ್ಮ ನಿವೃತ್ತ ಕನ್ನಡ ಟೀಚರು. ಅಂಥದ್ದನ್ನು ಮನೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಕೊನೆಗೆ “ನಮ್ಮನೆ” ಎಂದಿಟ್ಟೆವು, ಹದಿನೆಂಟು ಬೈಟು. ಪಕ್ಕದ ಮನೆಯ ತೆಲುಗಿನವರ ಫೋನಿನಲ್ಲೂ ಅದು “ನಮ್ಮನೆ” ಎಂದೇ ಕಾಣುತ್ತದೆ, ಅವರು ಆಕ್ಷೇಪಿಸಿಲ್ಲ.

ಹೆಸರಿಡಲು ಹೊರಟವನು ಪೆಟ್ಟಿಗೆಯ ಹೊಟ್ಟೆಯೊಳಗೆ ಇಣುಕುವಂತಾದದ್ದು ಹೇಗೆಂದು ಹೇಳಬೇಕು. ರೌಟರ್ ಎಂದರೆ ಒಂದು ಪುಟ್ಟ ಕಂಪ್ಯೂಟರು. ಅದರೊಳಗಿನ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಹಾಕಿದ ಫರ್ಮ್‌ವೇರನ್ನು ಕಿತ್ತುಹಾಕಿ, ಎಲ್ಲರೂ ಓದಬಹುದಾದ, ತಿದ್ದಬಹುದಾದ ಇನ್ನೊಂದನ್ನು ಹಾಕುವ ಪಂಥದವರಿದ್ದಾರೆ. ನಾನು ಆ ಪಂಥಕ್ಕೆ ಸೇರಿದವನು. ಪಂಥದ ಮೂಲಪುರುಷ ನೀಲಿ-ಕಪ್ಪು ಬಣ್ಣದ, ಎರಡು ಕೊಂಬಿನ ಒಂದು ಪೆಟ್ಟಿಗೆ: 2002ರ ಕೊನೆಗೆ ಬಂದ ಲಿಂಕ್ಸಿಸ್ ಡಬ್ಲ್ಯೂಆರ್‌ಟಿ54ಜಿ. 2003ರಲ್ಲಿ ಆ ಲಿಂಕ್ಸಿಸ್ ಕಂಪನಿಯನ್ನು ಸಿಸ್ಕೋ 50 ಕೋಟಿ ಡಾಲರಿಗೆ ಕೊಳ್ಳುತ್ತಿದ್ದ ಹೊತ್ತಿಗೇ ಒಂದು ಗುಟ್ಟು ರಟ್ಟಾಯಿತು. ಪೆಟ್ಟಿಗೆಯೊಳಗೆ ಓಡುತ್ತಿದ್ದದ್ದು ಲಿನಕ್ಸ್. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ಮಾರಬಹುದು. ಆದರೆ ಅದರ ಜಿಪಿಎಲ್ ಪರವಾನಗಿಯ ಪ್ರಕಾರ ಕೊಂಡವರು ಕೇಳಿದರೆ ಅದರ ಮೂಲ ಬರಹವನ್ನು ಕೊಡಬೇಕು. ಜನ ಕೇಳಿದರು. ಕೊಡಬೇಕಾಯಿತು. ಆ ಬರಹವನ್ನೇ ಬುನಾದಿಯಾಗಿಟ್ಟು 2004ರ ಜನವರಿಯಲ್ಲಿ ಓಪನ್‌ವರ್ಟ್ ಶುರುವಾಯಿತು. ಇದೇ ಬಗೆಯ ತಕರಾರು ಮುಂದೆ ಕೋರ್ಟನ್ನೂ ಹತ್ತಿತು: 2008ರ ಡಿಸೆಂಬರಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೋ ಮೇಲೆ ದಾವೆ ಹೂಡಿತು, 2009ರ ಮೇ ತಿಂಗಳಲ್ಲಿ ರಾಜಿಯಾಯಿತು.

ನನಗೆ ಈ ಕಥೆಯಲ್ಲಿ ಹಿಡಿಸುವುದು ಕೇಳಿದರು, ಕೊಡಬೇಕಾಯಿತು ಎಂಬ ಭಾಗ. ದುಡ್ಡು ಕೊಟ್ಟು ತಂದ ಮಿಕ್ಸಿಯ ತಳದ ಸ್ಕ್ರೂ ಬಿಚ್ಚಿದರೂ ವಾರಂಟಿ ಹೋಯಿತು ಎನ್ನುವ ಕಾಲದಲ್ಲಿ, ಒಂದು ಪೆಟ್ಟಿಗೆಯನ್ನು ಕೊಂಡವನು ಅದರೊಳಗೆ ಏನು ಬರೆದಿದೆ ಎಂದು ಕೇಳುವುದು, ಕಂಪನಿ ಕೈಗೆ ಕೊಡುವುದು! ಅದರಲ್ಲಿ ಬರೆದದ್ದು ನನಗೆ ಪೂರ್ತಿ ಅರ್ಥವಾಗುತ್ತದೆಂದಲ್ಲ. ಮನೆಯ ಕ್ರಯಪತ್ರವೂ ಯಾರಿಗೆ ಪೂರ್ತಿ ಅರ್ಥವಾಗುತ್ತದೆ? ಬೀರುವಿನಲ್ಲಿ ಇರಬೇಕು, ಅಷ್ಟೆ.

ಓಪನ್‌ವರ್ಟಿನ ಹಿಂದಿನ ಆವೃತ್ತಿಗಳಿಗೆಲ್ಲ ಮದ್ಯದ ಹೆಸರು. ವೈಟ್ ರಷ್ಯನ್, ಕಾಮಿಕಾಜೆ, ಬ್ಯಾಕ್‌ಫೈರ್, ಆಟಿಟ್ಯೂಡ್ ಅಡ್ಜಸ್ಟ್‌ಮೆಂಟ್, ಬ್ಯಾರಿಯರ್ ಬ್ರೇಕರ್, 2015ರ ಕೇಯಾಸ್ ಕಾಮರ್. ಎಲ್ಲವೂ ಕಾಕ್‌ಟೇಲ್‌ಗಳು. ಲಾಗಿನ್ ಆದ ಕೂಡಲೇ ಪರದೆಯ ಮೇಲೆ ಆ ಪಾನೀಯ ಮಾಡುವ ವಿಧಾನವೂ ಮೂಡುತ್ತಿತ್ತು. ನಮ್ಮ ಮಾವನವರು ಹಾಸನದಿಂದ ಬಂದಿದ್ದರು. ನಾನು ಹಳೆಯ ಪೆಟ್ಟಿಗೆಯೊಂದನ್ನು ಎಬ್ಬಿಸುತ್ತ ಕೂತಿದ್ದೆ. ಅವರು ಹಿಂದೆ ಬಂದು ನಿಂತು, ಕನ್ನಡಕ ಏರಿಸಿ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೂವರೆ ಔನ್ಸ್ ಜಿನ್, ಮುಕ್ಕಾಲು ಔನ್ಸ್ ನಿಂಬೆರಸ, ಒಂದೂವರೆ ಔನ್ಸ್ ಕಿತ್ತಳೆ ರಸ ಎಂದಿರುವುದನ್ನು ಸಾವಧಾನವಾಗಿ ಓದಿದರು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಮಗಳಿಗೆ, “ಅವರಿಗೆ ಆಫೀಸಿನಲ್ಲಿ ಒತ್ತಡ ಜಾಸ್ತಿಯೇನಮ್ಮ?” ಎಂದು ಕೇಳಿದರಂತೆ. 2016ರಲ್ಲಿ ಓಪನ್‌ವರ್ಟಿನವರಲ್ಲೇ ಒಂದು ಗುಂಪು ಬೇರೆಯಾಗಿ ಲೀಡ್ ಎಂಬ ಹೆಸರಿನಲ್ಲಿ ನಡೆಯಿತು. 2018ರ ಜನವರಿಯಲ್ಲಿ ಮತ್ತೆ ಕೂಡಿಕೊಂಡರು. ಆಮೇಲಿನ ಆವೃತ್ತಿಗಳಿಗೆ ಇಸವಿ-ತಿಂಗಳಿನ ಸಪ್ಪೆ ಅಂಕಿಗಳು: 18.06, 19.07, 21.02, 22.03, 23.05, 24.10. ನಮ್ಮ ಮನೆಯ ಮರ್ಯಾದೆಯ ದೃಷ್ಟಿಯಿಂದ ಒಳ್ಳೆಯದೇ ಆಯಿತು.

ಪಂಥದವರಿಗೆ ಆವೃತ್ತಿ ಬದಲಾದಾಗಲೆಲ್ಲ ಕೈ ತುರಿಸುತ್ತದೆ. ಮನೆಯವರ ನಿಲುವು ಬೇರೆ: ಈಗ ನಡೆಯುತ್ತಾ ಇದೆಯಲ್ಲ, ಯಾಕೆ ಮುಟ್ಟುತ್ತೀರಿ? ಈ ವಾದಕ್ಕೆ ಒಳ್ಳೆಯ ಉತ್ತರ ಇದೆ. ರೌಟರ್ ಎಂದರೆ ಬೀದಿಗೂ ಮನೆಗೂ ನಡುವಿನ ಬಾಗಿಲು. ಹಳೆಯ ಫರ್ಮ್‌ವೇರಿನ ತೂತುಗಳು ಕಳ್ಳರಿಗೆ ಚೆನ್ನಾಗಿ ಗೊತ್ತಿರುತ್ತವೆ. ಕಂಪನಿಗಳು ಮೂರ್ನಾಲ್ಕು ವರ್ಷದ ಮೇಲೆ ಹಳೆಯ ಮಾದರಿಗಳ ಕಡೆ ತಿರುಗಿ ನೋಡುವುದು ಅಪರೂಪ. ಈ ಉತ್ತರವನ್ನು ಹೇಳುವುದಕ್ಕೆ ಸರಿಯಾದ ಹೊತ್ತು ಮಾತ್ರ ಯಾವತ್ತೂ ಸಿಗುವುದಿಲ್ಲ. ಆದ್ದರಿಂದ ಎಲ್ಲರೂ ಮಲಗಿದ ಮೇಲೆ ಮಾಡುವುದು ರೂಢಿ.

ಮೊದಲ ಕೆಲಸ ಪೆಟ್ಟಿಗೆಯನ್ನು ಮಗುಚಿ ತಳದ ಚೀಟಿ ಓದುವುದು. ಮಾದರಿಯ ಹೆಸರೊಂದೇ ಸಾಲದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಆವೃತ್ತಿಯ ಅಂಕಿ ಇರುತ್ತದೆ. ಒಂದೇ ಹೆಸರಿನ, ಒಂದೇ ಮುಖದ ಎರಡು ಪೆಟ್ಟಿಗೆಗಳ ಒಳಗೆ ಬೇರೆ ಬೇರೆ ಚಿಪ್ಪುಗಳಿರುವುದುಂಟು. ನಮ್ಮದು ಟಿಪಿ-ಲಿಂಕಿನ ಆರ್ಚರ್ ಸಿ7, ಎರಡನೇ ಆವೃತ್ತಿ: 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್. ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಹಳ್ಳಿಹಳ್ಳಿಯ ಸೈಬರ್ ಸೆಂಟರುಗಳಲ್ಲೂ ಇದ್ದ ಅದೇ ಕಂಪನಿಯ 841 ಎಂಬ ಬಿಳಿ ಪೆಟ್ಟಿಗೆಗಳಿಗೆ ಹೊಸ ಓಪನ್‌ವರ್ಟಿನ ಯೋಗವಿಲ್ಲ. ಅವುಗಳಲ್ಲಿ ಬಹುಪಾಲಿಗೆ ಇದ್ದದ್ದು 4 ಎಂಬಿ. ಈಗಿನ ಫೋನಿನಲ್ಲಿ ಅಮ್ಮ ತೆಗೆಯುವ ದಾಸವಾಳದ ಒಂದು ಫೋಟೋ ಅಷ್ಟರಲ್ಲಿ ಹಿಡಿಯುವುದಿಲ್ಲ. ಅಷ್ಟರಲ್ಲೇ ಇಡೀ ಲಿನಕ್ಸು, ಫೈರ್‌ವಾಲು, ವೈಫೈ ಎಲ್ಲವನ್ನೂ ತುರುಕಿಟ್ಟು ವರ್ಷಗಟ್ಟಲೆ ಓಡಿಸಿದವರಿಗೆ ಕೈ ಮುಗಿಯಬೇಕು. 19.07ರ ಆಚೆಗೆ ಅವರಿಂದಲೂ ಆಗಲಿಲ್ಲ.

ಕಡತ ಇಳಿಸಿಕೊಂಡು, ಅದರ ಉದ್ದನೆಯ ತಾಳೆಸಂಖ್ಯೆ ಸರಿಯಿದೆಯೇ ನೋಡಿ, ಸೆಟ್ಟಿಂಗುಗಳ ಒಂದು ಪ್ರತಿ ತೆಗೆದಿಟ್ಟು, ಸಿಸ್‌ಅಪ್‌ಗ್ರೇಡ್ ಒತ್ತಬೇಕು. ಆಮೇಲೆ ಒಂದೆರಡು ನಿಮಿಷ ಪೆಟ್ಟಿಗೆ ತನ್ನನ್ನು ತಾನೇ ಅಳಿಸಿಕೊಂಡು ಹೊಸದಾಗಿ ಬರೆದುಕೊಳ್ಳುತ್ತದೆ. ದೀಪಗಳು ವಿಚಿತ್ರವಾಗಿ ಮಿಣುಕುತ್ತವೆ. ಕರೆಂಟು ಹೋಗಬಾರದ ಗಳಿಗೆ ಅದು.

ಕರೆಂಟು ಹೋಯಿತು. ಯುಪಿಎಸ್ ಇರಲಿಲ್ಲವೇ ಎಂದು ಕೇಳಬೇಡಿ, ಇತ್ತು. ಅದರ ಬ್ಯಾಟರಿ ಅವತ್ತೇ ಕಣ್ಣುಮುಚ್ಚಿತು. ಕರೆಂಟು ವಾಪಸು ಬಂದಾಗ ಪೆಟ್ಟಿಗೆಯಲ್ಲಿ ಒಂದೇ ದೀಪ, ಅದೂ ಸುಮ್ಮನೆ ಉರಿಯುತ್ತಿತ್ತು. ಇಂಥದ್ದಕ್ಕೆ ಬ್ರಿಕ್ ಆಯಿತು ಎನ್ನುತ್ತಾರೆ. ನಿಜಕ್ಕೂ ಸಾಯುವ ಪೆಟ್ಟಿಗೆಗಳು ಬಹಳ ಕಡಿಮೆ. ಸಿ7ರ ಬೂಟ್‌ಲೋಡರ್ ಎಂಬ ಪುಟ್ಟ ಭಾಗ ಅಳಿಸಿಹೋಗಿರುವುದಿಲ್ಲ, ಅದಕ್ಕೊಂದು ಹಟ ಇದೆ. ರೀಸೆಟ್ ಗುಂಡಿ ಒತ್ತಿಕೊಂಡೇ ಪವರ್ ಹಾಕಿದರೆ ಅದು ಎದ್ದು ಕೂತು, ತಂತಿಯ ಆ ತುದಿಯಲ್ಲಿ 192.168.0.66 ಎಂಬ ವಿಳಾಸದ ಕಂಪ್ಯೂಟರು ಯಾವುದಾದರೂ ಇದೆಯೇ ಎಂದು ಹುಡುಕುತ್ತದೆ. ಬೇರೆ ವಿಳಾಸದವರೊಡನೆ ಮಾತಿಲ್ಲ. ಆ ವಿಳಾಸದಲ್ಲಿ ಕಡತ ಕೊಡುವ ಟಿಎಫ್‌ಟಿಪಿ ನಡೆಯುತ್ತಿರಬೇಕು, ಫರ್ಮ್‌ವೇರಿಗೆ ಅದು ಬಯಸುವ ಹೆಸರನ್ನೇ ಇಟ್ಟಿರಬೇಕು. ಅಕ್ಷರ ಹೆಚ್ಚು ಕಡಿಮೆಯಾದರೆ ಒಲ್ಲೆ ಎನ್ನುತ್ತದೆ. ಎಲ್ಲ ಸರಿಯಿದ್ದರೆ ತಾನೇ ಕಡತವನ್ನು ಎಳೆದುಕೊಂಡು ಜೀವ ತುಂಬಿಕೊಳ್ಳುತ್ತದೆ. ಇಷ್ಟಕ್ಕೆ ಬೇಕಾದದ್ದು ನೆಟ್‌ವರ್ಕ್ ಕೇಬಲಿನ ಕಿಂಡಿ ಇರುವ ಲ್ಯಾಪ್‌ಟಾಪು. ಈಗಿನ ತೆಳ್ಳನೆಯ ಲ್ಯಾಪ್‌ಟಾಪುಗಳಿಗೆ ಆ ಕಿಂಡಿಯೇ ಇಲ್ಲ. ಮನೆಯಲ್ಲಿ ಕಿಂಡಿ ಇದ್ದದ್ದು ಹೆಂಡತಿಯ ಆಫೀಸಿನ ಲ್ಯಾಪ್‌ಟಾಪಿಗೆ ಮಾತ್ರ, ಅದಕ್ಕೆ ಅವರ ಕಂಪನಿಯ ಬೀಗ. ಕಡೆಗೆ ಕೆಲಸಕ್ಕೆ ಬಂದದ್ದು ಅಟ್ಟದ ಮೇಲಿದ್ದ, ತೂಕದಲ್ಲಿ ರುಬ್ಬುಗುಂಡಿಗೆ ಸಮನಾದ ಹಳೆಯ ಲ್ಯಾಪ್‌ಟಾಪು.

ಜೀವ ಬಂದ ಮೇಲೂ ಬೆಳಿಗ್ಗೆ ಎದ್ದವರಿಗೆ ವೈಫೈ ಕಾಣುವುದಿಲ್ಲ. ಹೊಸದಾಗಿ ಹಾಕಿದ ಓಪನ್‌ವರ್ಟಿನಲ್ಲಿ ವೈಫೈ ಬೇಕೆಂತಲೇ ಮುಚ್ಚಿರುತ್ತದೆ, ಪಾಸ್‌ವರ್ಡಿಲ್ಲದೆ ಬೀದಿಗೆ ತೆರೆದುಕೊಳ್ಳಬಾರದೆಂದು. ನಾವೇ ಹೋಗಿ ತೆರೆಯಬೇಕು. ಅತ್ಯಂತ ವಿವೇಕದ ನಿಯಮ. ಅದನ್ನು ಕಾಫಿಗೆ ಮುಂಚೆ ಎಂಟೂವರೆಯ ಮೀಟಿಂಗ್ ಇರುವವರಿಗೆ ವಿವರಿಸಲು ಹೋಗಬಾರದು.

ಇಷ್ಟೆಲ್ಲ ಆಗಿ ಹಿಂದಿನ ಕೋಣೆಯಲ್ಲಿ ಸುತ್ತುವುದು ನಿಂತಿತೇ? ನಿಲ್ಲಲಿಲ್ಲ. ಫರ್ಮ್‌ವೇರ್ ಗೋಡೆ ಒಡೆಯುವುದಿಲ್ಲವಲ್ಲ. ಹಾಲಿಗೂ ಆ ಕೋಣೆಗೂ ನಡುವೆ ಏನೇನಿದೆ ಎಂದು ನೇರ ಗೆರೆ ಎಳೆದು ನೋಡಿದೆ: ಫ್ರಿಜ್ಜು, ಗ್ರಾನೈಟು ಕಟ್ಟೆ, ಎರಡು ಸಾಲಿಡ್ ಬ್ಲಾಕ್ ಗೋಡೆ, ಆಳೆತ್ತರದ ಕನ್ನಡಿಯಿರುವ ಕಬ್ಬಿಣದ ಬೀರು. ಲೋಹ ಅಲೆಗಳನ್ನು ತಿರುಗಿಸಿ ಕಳಿಸುತ್ತದೆ, ಕನ್ನಡಿಯ ಹಿಂದಿನ ಲೇಪವೂ ಲೋಹವೇ. 5 ಗಿಗಾಹರ್ಟ್ಸಿನ ಅಲೆ ವೇಗದ್ದು, ಗೋಡೆ ಕಂಡರೆ ಕುಗ್ಗುತ್ತದೆ, 2.4ರದು ಗೋಡೆ ದಾಟುತ್ತದೆ, ಆದರೆ ಅಲ್ಲಿ ಇಡೀ ಬೀದಿ ನೆರೆದಿದೆ, ಜೊತೆಗೆ ಅದೇ 2.45ರ ಸುತ್ತ ಗುನುಗುವ ಅಡುಗೆಮನೆಯ ಮೈಕ್ರೋವೇವ್. ಬೀರುವನ್ನು ಸರಿಸೋಣವೆಂದೆ. ಅಮ್ಮ ಒಪ್ಪಲಿಲ್ಲ. ಅದು ನೈಋತ್ಯದಲ್ಲಿದೆ, ಬಾಗಿಲು ಉತ್ತರಕ್ಕೆ ತೆರೆಯುತ್ತದೆ, ಅದಕ್ಕೇ ಮನೆ ನಿಂತಿದೆ. ವಾಸ್ತುವಿಗೂ ವೈಫೈಗೂ ತಿಕ್ಕಾಟ ಬಂದರೆ ನಮ್ಮ ಮನೆಯಲ್ಲಿ ಯಾವುದು ಗೆಲ್ಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಅಮ್ಮನಿಗೆ ಪೆಟ್ಟಿಗೆಯ ಮೇಲೆ ದ್ವೇಷವಿಲ್ಲ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಈಳಿಗೆಮಣೆಯ ಜೊತೆಗೆ ಅದಕ್ಕೂ ಅರಿಸಿನ ಕುಂಕುಮ, ಒಂದು ಎಸಳು ಸೇವಂತಿಗೆ. ಮರುದಿನ ನಾನಿಲ್ಲದಾಗ ನೆಟ್ ನಿಂತಿತು. ಅಮ್ಮ ಕಂಪನಿಗೆ ಫೋನ್ ಮಾಡಿದರು. ಅತ್ತಲಿನ ಹುಡುಗಿ, “ಮೇಡಮ್, ಗೋಡೆ ಮೇಲಿನ ಬಾಕ್ಸಲ್ಲಿ ಕೆಂಪು ಲೈಟ್ ಬರ್ತಿದೆಯಾ ನೋಡಿ” ಎಂದಳು. ಅಮ್ಮ ನೋಡಿ, “ಕೆಂಪಗಿದೆಯಮ್ಮ” ಎಂದರು. ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಎಂದರೆ ಬೀದಿಯಲ್ಲೆಲ್ಲೋ ಕೇಬಲ್ ತುಂಡಾಗಿದೆ ಎಂದರ್ಥ. ಏಣಿ ಹೊತ್ತು ಇಬ್ಬರು ಬಂದರು. ಹೊಂಗೆ ಮರ ಹತ್ತಿ ಇಳಿದು, ಒಳಗೆ ಬಂದು, ಪೆಟ್ಟಿಗೆಯ ಮುಂದೆ ಬಗ್ಗಿ ನೋಡಿ, ಹೆಬ್ಬೆರಳಿನಿಂದ ಕುಂಕುಮ ಒರೆಸಿದರು. ಕೆಳಗೆ ಹಸಿರು ದೀಪ ಆರಾಮವಾಗಿ ಉರಿಯುತ್ತಿತ್ತು. ನೆಟ್ ನಿಂತದ್ದು ಸೇವಂತಿಗೆ ಇಡುವಾಗ ಸಡಿಲವಾದ ವೈರಿನಿಂದ.

ಮಗನ ಲ್ಯಾಗಿನ ಕಥೆ ಬೇರೆ. ಅದು ಅಲೆಯ ತೊಂದರೆಯಲ್ಲ, ಸಾಲಿನ ತೊಂದರೆ. ಹೆಂಡತಿಯ ಲ್ಯಾಪ್‌ಟಾಪು ದೊಡ್ಡ ಕಡತವೊಂದನ್ನು ಮೇಲಕ್ಕೆ ಕಳಿಸತೊಡಗಿದ ಕೂಡಲೇ ಅವನ ಆಟ ಕುಂಟುತ್ತಿತ್ತು. ಜಿಮ್ ಗೆಟಿಸ್ ಎಂಬ ಹಿರಿಯ ಎಂಜಿನಿಯರು 2010ರಲ್ಲಿ ತಮ್ಮದೇ ಮನೆಯಲ್ಲಿ ಇದನ್ನು ಬೆನ್ನಟ್ಟಿ ಹೋಗಿ, ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಮೆಮೊರಿ ಅಗ್ಗವಾಯಿತೆಂದು ಪೆಟ್ಟಿಗೆ ಮಾಡುವವರೆಲ್ಲ ಒಳಗೆ ದೊಡ್ಡ ದೊಡ್ಡ ಸರದಿ ಸಾಲುಗಳನ್ನು ಇಟ್ಟರು. ಯಾವ ಪೊಟ್ಟಣವನ್ನೂ ಎಸೆಯದೆ ಎಲ್ಲವನ್ನೂ ನಿಲ್ಲಿಸಿಕೊಂಡರೆ ಒಳ್ಳೆಯದೆಂದುಕೊಂಡರು. ಸಾಲು ಬೆಳೆದು, ಆಟದ ಚಿಕ್ಕ ಪೊಟ್ಟಣ ದೊಡ್ಡ ಕಡತದ ಬೆನ್ನ ಹಿಂದೆ ಸಿಕ್ಕಿಕೊಂಡಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಎಂಬ ಉಪಾಯ ಕೊಟ್ಟರು. ಅದರ ಮೇಲೆ ಬೆಳೆದ ಎಫ್‌ಕ್ಯು-ಕೋಡೆಲ್, ಕೇಕ್ ಎಂಬವು ಓಪನ್‌ವರ್ಟಿನಲ್ಲಿ ಸಿಗುತ್ತವೆ. ತಿಂಗಳ ದಿನಸಿ ಕಟ್ಟಿಸುವವರ ಹಿಂದೆ ಒಂದು ಕಟ್ಟು ಕೊತ್ತಂಬರಿ ಹಿಡಿದು ನಿಂತ ಅಜ್ಜಿಯನ್ನು ಶೆಟ್ಟರು “ನೀವು ಬನ್ನಿ ಅಮ್ಮ” ಎಂದು ಮುಂದೆ ಕರೆಯುತ್ತಾರಲ್ಲ, ಅಷ್ಟೇ ಅದರ ತಿರುಳು. ಅಷ್ಟನ್ನು ಜಗತ್ತಿನ ತಲೆಗೆ ಹಾಕಲು ಡೇವ್ ಟಾಟ್ ಎಂಬ ಗಿಟಾರ್ ಬಾರಿಸುವ ಪುಣ್ಯಾತ್ಮ ಹದಿನೈದು ವರ್ಷ ಹತ್ತಿರ ತೇದರು. 2025ರ ಏಪ್ರಿಲಿನಲ್ಲಿ ತೀರಿಕೊಂಡರು. ಅವರ ಹೆಸರು ಕೇಳದ ಕೋಟ್ಯಂತರ ಜನರ ವಿಡಿಯೋ ಕರೆಗಳು ತೊದಲದೆ ನಡೆಯುತ್ತಿವೆ.

ಈ ಔಷಧಿಗೆ ಒಂದು ಪಥ್ಯ ಇದೆ. ಸಾಲು ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ಪೆಟ್ಟಿಗೆಯಲ್ಲೇ ನಿಲ್ಲಬೇಕಾದರೆ, ಬರುವ ವೇಗಕ್ಕಿಂತ ಸ್ವಲ್ಪ ಕಡಿಮೆಗೆ ನಾವೇ ಕಡಿವಾಣ ಹಾಕಬೇಕು. 100 ಇದ್ದಲ್ಲಿ 90 ಎಂದು ಬರೆದೆ. ಆಟ ಸರಿಹೋಯಿತು, ಮೀಟಿಂಗೂ ಸುಧಾರಿಸಿತು. ಲೆಕ್ಕ ಇಡುವವರಿಗೆ ಮಾತ್ರ ಅದು ಹಿಡಿಸಲಿಲ್ಲ. “ದುಡ್ಡು ಕಟ್ಟೋದು ನೂರಕ್ಕೆ, ನೀವು ಬಿಡೋದು ತೊಂಬತ್ತಾ? ಉಳಿದ ಹತ್ತು ಎಲ್ಲಿ?” ನನ್ನ ಬಳಿ ತೃಪ್ತಿಕರವಾದ ಉತ್ತರ ಇನ್ನೂ ಇಲ್ಲ.

ಹೊಸ ಉತ್ಸಾಹದಲ್ಲಿ 5 ಗಿಗಾಹರ್ಟ್ಸಿನ 52ನೇ ಚಾನೆಲಿಗೆ ಹೋದದ್ದೂ ಇದೆ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ಬಯಲನ್ನು ಧಾರಾಳವಾಗಿ ತೆರೆದ ಮೇಲೆ ಅಲ್ಲಿ ಜನ ಕಡಿಮೆ. ಆದರೆ ಆ ಚಾನೆಲ್ಲುಗಳು ರಾಡಾರುಗಳ ಜೊತೆ ಹಂಚಿಕೊಂಡ ಜಾಗ. ಬಾಯಿ ತೆರೆಯುವ ಮುಂಚೆ ರೌಟರ್ ಒಂದು ನಿಮಿಷ ಮೌನವಾಗಿ ಕಿವಿಗೊಡಬೇಕು, ನಡುವೆ ರಾಡಾರಿನ ಸದ್ದು ಕೇಳಿದಂತಾದರೆ ತಕ್ಷಣ ಜಾಗ ಖಾಲಿ ಮಾಡಬೇಕು. ನಾವಿರುವುದು ಎಚ್‌ಎಎಲ್ ವಿಮಾನ ನಿಲ್ದಾಣದ ನೆರೆಯಲ್ಲಿ. 2008ರ ಮೇ ತಿಂಗಳವರೆಗೆ ಬೆಂಗಳೂರಿಗೆ ಬರುವವರೆಲ್ಲ ಇಳಿಯುತ್ತಿದ್ದದ್ದು ಇಲ್ಲೇ. 2001ರ ಜನವರಿಯಲ್ಲಿ ತೇಜಸ್ ಮೊದಲು ಹಾರಿದ್ದೂ ಇಲ್ಲಿಂದಲೇ. ಈಗಲೂ ಯುದ್ಧವಿಮಾನ ಏರಿದರೆ ನಮ್ಮ ಕಿಟಕಿ ಗಾಜು ಹಲ್ಲು ಕಡಿಯುತ್ತದೆ. ಒಂದು ಮಧ್ಯಾಹ್ನ ಮೀಟಿಂಗ್ ನಡುವೆ ವೈಫೈ ದಿಢೀರ್ ಮಾಯವಾಯಿತು. ಲಾಗ್ ತೆರೆದರೆ ರಾಡಾರ್ ಕಂಡಿತು ಎಂದು ಬರೆದಿತ್ತು. ಎಚ್‌ಎಎಲ್ ಮೇಲೆ ನನ್ನ ದೂರೇನೂ ಇಲ್ಲ. ಈ ಚಿಪ್ಪುಗಳು ಇಲ್ಲದ ರಾಡಾರನ್ನು ಕಂಡು ಬೆದರುವುದೂ ಉಂಟು. ಆದರೂ “ದೇಶದ ರಕ್ಷಣೆಗೋಸ್ಕರ ನಿನ್ನ ಮೀಟಿಂಗ್ ನಿಂತಿತು” ಎಂದು ಹೇಳುವ ಅವಕಾಶ ಎಷ್ಟು ಗಂಡಂದಿರಿಗೆ ಸಿಗುತ್ತದೆ? 36ಕ್ಕೆ ಹಿಂತಿರುಗಿದೆವು.

ತುಮಕೂರಿನ ಹತ್ತಿರ ದೇವರಾಯನದುರ್ಗದ ಕಡೆ ಜನಸ್ತು ಎಂಬ ಸಂಸ್ಥೆಯವರು ಊರವರದೇ ವೈಫೈ ಜಾಲ ಕಟ್ಟಿದ್ದಾರೆ, ಅದರ ಹೆಸರು ಕೌಮೆಶ್. ಸಮುದಾಯದ ಸ್ವಂತ ವೈಫೈ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಹಸುವಾಗಿದೆ. ಇಂಥ ಹಳ್ಳಿ ಜಾಲಗಳಿಗೆಂದೇ ಓಪನ್‌ವರ್ಟಿನ ಮೇಲೆ ಕಟ್ಟಿದ ಲಿಬ್ರೆಮೆಶ್ ಎಂಬ ಫರ್ಮ್‌ವೇರೂ ಇದೆ; ಒಂದು ಮನೆಯ ಪೆಟ್ಟಿಗೆ ಪಕ್ಕದ ಮನೆಯದರ ಕೈಹಿಡಿದು ಮಾತು ದಾಟಿಸುತ್ತದೆ. ಬೆಟ್ಟದ ತಪ್ಪಲಿನಲ್ಲಿ ಪೆಟ್ಟಿಗೆ ಪೆಟ್ಟಿಗೆಗಳು ಸಹಕಾರ ಮಾಡುತ್ತವೆ ಎಂದಾದರೆ ಮಾರತ್ತಹಳ್ಳಿಯ ಇಪ್ಪತ್ತಡಿ ರಸ್ತೆಯ ಆಚೆಬದಿಯವರೊಡನೆ ಮಾತಾಡಲು ನನಗೇನು ಧಾಡಿ ಎನ್ನಿಸಿತು.

ಹಿಂದಿನ ಕೋಣೆಯ ಮಟ್ಟಿಗೆ ಕೆಲಸ ಆಗಲೇ ಮುಗಿದಿತ್ತು. ಎಲೆಕ್ಟ್ರಿಷಿಯನ್ ಬಂದು, ಹಳೆಯ ಟೀವಿ ವೈರಿನ ಪೈಪಿನಲ್ಲೇ ಒಂದು ನೆಟ್‌ವರ್ಕ್ ಕೇಬಲ್ ಎಳೆದು, ಬೀರುವಿನ ಆಚೆ ಇನ್ನೊಂದು ಪೆಟ್ಟಿಗೆ ಕೂರಿಸಿ, “ಇಷ್ಟಕ್ಕೆ ಯಾಕ್ ಸಾರ್ ಇಷ್ಟು ದಿನ ಒದ್ದಾಡಿದ್ರಿ” ಎಂದು ಹೋಗಿದ್ದ. ಉಳಿದದ್ದು ಪಿಜಿಯ 3ನೇ ಚಾನೆಲ್. ಸಂಜೆ ಹೋಗಿ ಮ್ಯಾನೇಜರನ್ನು ಕಂಡೆ. ನಾನು ಪಾರ್ಕಿಂಗಿನ ಜಗಳಕ್ಕೆ ಬಂದಿದ್ದೇನೆಂದು ತಿಳಿದು ಅವನು ಮೊದಲೇ, “ಆ ಬೈಕು ನಮ್ಮ ಹುಡುಗರದ್ದಲ್ಲ” ಎಂದ. ವಿಷಯ ಹೇಳಿದೆ. ಪೂರ್ತಿ ಅರ್ಥವಾಗದಿದ್ದರೂ ತಾಳ್ಮೆಯಿಂದ ಕೇಳಿದ. 3ರಿಂದ 1ಕ್ಕೆ ಬದಲಾಯಿಸಲು ನಾನೇ ಕೂತು ನೆರವಾದೆ. ಮುಗಿದ ಮೇಲೆ ಅವನು ದನಿ ತಗ್ಗಿಸಿ, “ಸಾರ್, ಅದೇನೋ ಬೇರೆ ಸಾಫ್ಟ್‌ವೇರು ಹಾಕ್ತೀರಂತಲ್ಲ, ಇದಕ್ಕೂ ಹಾಕಿಕೊಡ್ರಿ. ಹುಡುಗರು ಬಂದಾಗೆಲ್ಲ ನೆಟ್ ನೆಟ್ ಅಂತಾರೆ. ನೆಟ್ ಚೆನ್ನಾಗಿದ್ರೆ ಸಾಂಬಾರಿನ ಕಡೆ ಗಮನ ಕೊಡಲ್ಲ” ಎಂದ.

ಪೆಟ್ಟಿಗೆಯನ್ನು ಗೋಡೆಯಿಂದ ತೆಗೆದು, ಧೂಳು ಒರೆಸಿ, ಮಗುಚಿ ಚೀಟಿ ಓದಿದೆ. 841. ಒಂಬತ್ತನೇ ಆವೃತ್ತಿ.

“ನಾಲ್ಕೇ ಎಂಬಿ” ಎಂದೆ. “ಇದಕ್ಕೆ ಆಗಲ್ಲಪ್ಪ.”

ಅವನು ಸ್ವಲ್ಪ ಹೊತ್ತು ಯೋಚಿಸಿ, ಅಡುಗೆಮನೆ ಕಡೆ ತಿರುಗಿ ಕೂಗಿದ: “ಏಯ್, ನಾಳೆಯಿಂದ ಸಾಂಬಾರಿಗೆ ಇನ್ನೊಂದ್ ಸೇರು ಬೇಳೆ ಜಾಸ್ತಿ ಹಾಕ್ರೋ!”